ತಲುಪಿದ ಮೇಲೆ ಬಿಚ್ಚುವ ಗಂಟು

ಅಥವಾ ಆ ಗಂಟನ್ನು ದಾದಿಮಾ ಹಾಕಿರಲೇ ಇಲ್ಲವೋ ಏನೋ. ಇಷ್ಟು ವರ್ಷ ಕೇಳಿದವರಿಗೆಲ್ಲ ನಾನು ಹೇಳಿಕೊಂಡು ಬಂದದ್ದು ಒಂದೇ ಕಥೆ. ಮಂಡ್ಯದ ಆಸ್ಪತ್ರೆಯ ಅಂಗಳದಲ್ಲಿ, ಕಾರಿನ ಬಾಗಿಲು ತೆರೆದೇ ಇದ್ದಾಗ, ಅಬ್ಬಾನ ತಾಯಿ, ನಮ್ಮ ದಾದಿಮಾ, ನನ್ನ ಬಲತೋಳಿಗೆ ಹಸಿರು ಬಟ್ಟೆ ಕಟ್ಟಿದಳು. ಅವಳ ಬೆರಳು ತಣ್ಣಗಿದ್ದವು. ಗಂಟನ್ನು ಎರಡು ಸಲ ಎಳೆದು ನೋಡಿದಳು. ಹೇಳುತ್ತಾ ಹೇಳುತ್ತಾ ಈ ಕಥೆ ನುಣುಪಾಗಿದೆ. ನನಗೆ ಅನುಮಾನ ಬಂದದ್ದೇ ಆ ನುಣುಪಿನಿಂದ. ಆ ದಿನ ದಾದಿಮಾ ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದ್ದಳು. ಮೆಟ್ಟಿಲಿಳಿದು ಬರುವುದಿರಲಿ, ಎದ್ದು ಕೂರುವುದೂ ಆಗುತ್ತಿರಲಿಲ್ಲ. ಹಾಗಾದರೆ ನನ್ನ ತೋಳಿನ ಮೇಲಿದ್ದ ಬೆರಳು ಯಾರವು?

ಇದನ್ನು ಮತ್ತೆ ಕೆದಕಿದ್ದು ಒಂದು ವಾಸನೆ. ಹೋದ ತಿಂಗಳು ಮದ್ದೂರಿಗೆ ಬಂದವಳು ಹಲ್ಲುನೋವೆಂದು ಮಂಡ್ಯಕ್ಕೆ ಹೋಗಿದ್ದೆ. ಡಾಕ್ಟರ ಸಹಾಯಕಿ ಯಾವುದೋ ಹಳೆಯ ಕ್ಯಾನಿನಿಂದ ನನ್ನ ಅಂಗೈಗೆ ಸ್ಯಾನಿಟೈಸರ್ ಸುರಿದಳು. ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿನದು. ಸಕ್ಕರೆ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ನಿಂತ ಹಾಗೆ ಸಿಹಿಯೂ ಹುಳಿಯೂ ಆದ ನಾತ. ಕೊರೋನಾದ ಎರಡನೇ ಅಲೆಯ ವರ್ಷ ನಮ್ಮ ಜಿಲ್ಲೆಯ ಅಂಗೈಗಳೆಲ್ಲ ಹೀಗೇ ನಾರುತ್ತಿದ್ದವು. ನಾನು ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದೆ. ಕಣ್ಣಲ್ಲಿ ನೀರು ಬಂತು. ನೋವಾಯಿತೇನೋ ಎಂದು ಡಾಕ್ಟರು ಕೈ ಹಿಂದಕ್ಕೆ ತೆಗೆದರು.

ಮದ್ದೂರಿನಲ್ಲಿ ನಮ್ಮದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಿನ ಹಳ್ಳಿಗಳಲ್ಲಿ ಪಂಪ್‌ಸೆಟ್ ಸುಟ್ಟರೆ ಅಬ್ಬಾನ ಮುಂದೆ ತಂದಿಡುತ್ತಾರೆ. ನಾನು ಆ ಸುಟ್ಟ ಮೋಟರುಗಳ ನಡುವೆ ಬೆಳೆದು, ಮಂಡ್ಯದಲ್ಲಿ ಎಂಜಿನಿಯರಿಂಗ್ ಓದಿ, ಮೋಟರುಗಳ ಬಗ್ಗೆಯೇ ಇನ್ನೂ ಓದಲು ಕೆನಡಾದಲ್ಲಿ ಸೀಟು ಗಿಟ್ಟಿಸಿದ್ದೆ. ಮೊದಲ ವರ್ಷ ಕೊರೋನಾ ಎಂದು ಅವರೇ ಮುಂದಕ್ಕೆ ಹಾಕಿದರು. ಎರಡನೇ ವರ್ಷ ಅದೇ ಕಾಗದದಲ್ಲಿ ಇನ್ನೊಂದು ಸಾಲು ಸೇರಿಸಿದರು: ಈ ಸಲ ತರಗತಿ ಶುರುವಾಗುವ ಹೊತ್ತಿಗೆ ಖುದ್ದಾಗಿ ಬಂದು ಸೇರದಿದ್ದರೆ ಸೀಟೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ವಿದ್ಯಾರ್ಥಿವೇತನ ಇಲ್ಲದೆ ನಾನು ಬೆಂಗಳೂರು ದಾಟುವ ಹಾಗೇ ಇರಲಿಲ್ಲ. ಅದೇ ಹೊತ್ತಿಗೆ ನಮ್ಮ ದೇಶದಿಂದ ಅಲ್ಲಿಗೆ ನೇರ ವಿಮಾನ ನಿಂತುಹೋಯಿತು. ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿ ಕೆಲವು ದಿನ ಇದ್ದು, ಅಲ್ಲಿಯೇ ಟೆಸ್ಟ್ ಮಾಡಿಸಿ, ನೆಗೆಟಿವ್ ಬಂದರೆ ಮುಂದಕ್ಕೆ. ನಮ್ಮಂಥ ಹುಡುಗ ಹುಡುಗಿಯರ ಒಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಇದಕ್ಕೆ 'ನಡುವಿನ ದೇಶ' ಎನ್ನುತ್ತಿದ್ದೆವು. ಬೆಳಗಾದರೆ ಯಾರಾದರೂ ಒಂದು ದೇಶದ ಹೆಸರು ಹಾಕುತ್ತಿದ್ದರು. ಸಂಜೆಗೆ ಇನ್ಯಾರೋ ಅದರ ಕೆಳಗೆ ಒಂದೇ ಮಾತು ಬರೆಯುತ್ತಿದ್ದರು: ಮುಚ್ಚಿತು.

ಮೊದಲ ಸಲ ಹೊರಟದ್ದು ಒಂದು ದ್ವೀಪಕ್ಕೆ. ದಾದಿಮಾ ತೋಳಿಗೆ ಇಮಾಮ್ ಜಾಮಿನ್ ಕಟ್ಟಿದಳು. ದೂರ ಪಯಣ ಹೊರಟವರಿಗೆ ನಮ್ಮ ಮನೆಗಳಲ್ಲಿ ಕಟ್ಟುವುದು. ಹಸಿರು ಬಟ್ಟೆಯ ಮಡಿಕೆಯಲ್ಲಿ ಒಂದು ಕಾಸು. ಕ್ಷೇಮವಾಗಿ ತಲುಪಿದ ಮೇಲೆ ಅದನ್ನು ತೆಗೆದು, ಕಾಸನ್ನು ಬಡವರ ಕೈಗೆ ಕೊಡಬೇಕು. ಅಲ್ಲಿಯತನಕ ತೆಗೆಯಬಾರದು.

ಕಾರು ಅಬ್ಬಾನ ಗೆಳೆಯ, ಕೊಪ್ಪದ ಸಿದ್ದರಾಜಣ್ಣನದು. ಅಂಗಡಿಯ ಬೆಂಚಿನ ಮೇಲೆ ಕೂತು ಅರ್ಧ ಆಯುಷ್ಯ ಕಳೆದ ಮನುಷ್ಯ. ಸ್ಟಿಯರಿಂಗ್ ಹಿಡಿದವನೇ ಕೇಳಿದ:

"ಅದೆಂತದೋ ದ್ವೀಪ ಅಂತೀಯಲ್ಲ ಕಣವ್ವ, ಓದಾಕ್ ಓಗೋಳು ಅಲ್ಲೇನ್ ಈಜ್ ಕಲಿತೀಯಾ?"

"ಅಲ್ಲಿದ್ದು, ಟೆಸ್ಟ್ ಮಾಡ್ಸಿ, ಆಮೇಲೆ ಮುಂದಕ್ಕೆ ಹೋಗ್ಬೇಕು ಅಣ್ಣ."

"ಅಂಗಂದ್ರೆ ಮಂಡ್ಯಕ್ ಓಗಾಕೆ ಮಳವಳ್ಳಿ ಸುತ್ತಾಕಂಡ್ ಓದಂಗಾಯ್ತು ಬುಡು."

ಲಾಕ್‌ಡೌನ್ ಎಂದು ನಿಡಘಟ್ಟದ ಹತ್ತಿರ ಪೊಲೀಸರು ಅಡ್ಡ ಹಾಕಿದರು. ಎಲ್ಲಿಗೆ ಎಂದರು. ಸಿದ್ದರಾಜಣ್ಣ ತಲೆ ಹೊರಗೆ ಹಾಕಿ, "ಕೆನಡಾಕ್ಕೆ ಸಾ" ಎಂದ. ಕಾನ್‌ಸ್ಟೇಬಲ್ ನಮ್ಮ ಪಾಸನ್ನೂ ನೋಡದೆ ಪಕ್ಕದವನ ಕಡೆ ತಿರುಗಿ, "ನಾನಿಲ್ಲಿಂದ ಮನೇಗ್ ಓಗಿ ವಾರಾಯ್ತು ಕಣ್ಲಾ, ಇವ್ನು ಕೆನಡಾಕ್ಕಂತೆ" ಎಂದು ನಕ್ಕು ಬಿಟ್ಟ. ನಾವೂ ನಕ್ಕೆವು. ಆ ವರ್ಷದ ಕೊನೆಯ ನಗು ಎಂದು ಬರೆಯಹೊರಟೆ. ಅದು ಸುಳ್ಳು, ಆಮೇಲೂ ನಕ್ಕಿದ್ದೇವೆ.

ಏರ್‌ಪೋರ್ಟಿನ ಕೌಂಟರಿನಲ್ಲಿ ನನ್ನ ಪಾಸ್‌ಪೋರ್ಟ್ ಹಿಡಿದ ಹುಡುಗಿ ಬಹಳ ಹೊತ್ತು ಪರದೆ ನೋಡಿದಳು. ದ್ವೀಪ ಅವತ್ತೇ ನಮ್ಮವರಿಗೆ ಬಾಗಿಲು ಹಾಕಿತ್ತು. ಮೊಬೈಲ್ ತೆಗೆದರೆ ಗುಂಪಿನಲ್ಲಿ ಅದೇ ಮಾತು. ನಾವು ದಾರಿಯಲ್ಲಿ ನಗುತ್ತಿದ್ದಾಗಲೇ ಬಂದಿತ್ತು.

ಮನೆಗೆ ಬಂದ ಮೇಲೆ ಅಮ್ಮಿ ಒಂದು ಕೆಲಸ ಮಾಡಿದಳು. ನಾನು ಮುಖ ತೊಳೆಯುತ್ತಿದ್ದೆ. ನನ್ನ ತೋಳಿನ ಬಟ್ಟೆ ಬಿಚ್ಚಿ ತೆಗೆದು, ಕಾಸನ್ನು ಬಾಗಿಲಿಗೆ ಬಂದಿದ್ದ ಒಬ್ಬ ಮುದುಕನಿಗೆ ಕೊಟ್ಟುಬಿಟ್ಟಳು. ಹೋದವಳು ಕ್ಷೇಮವಾಗಿ ಬಂದಳಲ್ಲ ಎನ್ನುವುದು ಅವಳ ಲೆಕ್ಕ. ದಾದಿಮಾಳಿಗೆ ತಿಳಿದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಚಿಕ್ಕರಸಿನಕೆರೆಯಲ್ಲಿ ಹುಟ್ಟಿ ಬೆಳೆದ ದಾದಿಮಾಳಿಗೆ ಬೈಯಲು ಕನ್ನಡವೇ ಬೇಕಾಗಿತ್ತು. ಅವಳ ಬೈಗುಳಗಳನ್ನಾದರೂ ನಾನು ಇಲ್ಲಿ ತರ್ಜುಮೆ ಮಾಡದೆ ಬರೆಯಬಹುದು.

"ತಲ್ಪುದ್ ಮ್ಯಾಕೆ ಕೊಡೋದು ಕಣೇ ಅದು. ಇವ್ಳು ಎಲ್ಲಿಗ್ ತಲ್ಪುದ್ಲು, ಏಳು?"

"ಮನೆಗೆ," ಎಂದಳು ಅಮ್ಮಿ, ಮೆಲ್ಲಗೆ.

"ಮನೆಯಿಂದ ವೊಂಟೋಳು ಮನೆಗ್ ತಲ್ಪುದ್ರೆ ಅದ್ಯಾವ್ ಪಯಣಾನೇ? ಇವ್ಳ್ನ ನೀನು ಮದ್ದೂರ್ಗೆ ತಲ್ಪುಸ್ಬುಟ್ಟೆ. ಮುಗೀತು. ಇನ್ನೆಲ್ಲಿಗ್ ಓದಾಳು ಇವ್ಳು?"

ಅಮ್ಮಿ ಅತ್ತಳು. ನಾನು ಎಂಜಿನಿಯರಿಂಗ್ ಓದಿದವಳು, ನಗಬೇಕಾಗಿತ್ತು. ನಗಲಿಲ್ಲ. ತಟ್ಟೆ ಬಿಟ್ಟು ಬೀದಿಗೆ ಹೋಗಿ ಆ ಮುದುಕನನ್ನು ಹುಡುಕಿದೆ. ಲಾಕ್‌ಡೌನಿನ ಖಾಲಿ ಬೀದಿ. ಅಂಥ ಬೀದಿಯಲ್ಲಿ ಒಬ್ಬ ಮನುಷ್ಯ ಕಾಣೆಯಾಗುವುದು ಹೇಗೆ ಎಂದು ಈಗಲೂ ಅರ್ಥವಾಗುವುದಿಲ್ಲ. ಸಿಕ್ಕಿದ್ದರೆ ಕಾಸು ವಾಪಸ್ ಕೊಡಿ ಎನ್ನುತ್ತಿದ್ದೆನೇ? ಎನ್ನುತ್ತಿದ್ದೆ. ಅಷ್ಟು ಕೆಟ್ಟಿತ್ತು ತಲೆ.

ಎರಡನೇ ಸಲ ಗುಂಪಿನಲ್ಲಿ ಬಂದ ಹೆಸರು ಸರ್ಬಿಯಾ. ಹೊರಡಲು ಇಲ್ಲಿಯ ನೆಗೆಟಿವ್ ವರದಿ ಬೇಕಾಗಿತ್ತು, ಅದಕ್ಕೆ ಮೂರು ದಿನದ ಆಯುಷ್ಯ. ಮದ್ದೂರಿನಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದೆ. ದಾದಿಮಾ ಹೊಸ ಬಟ್ಟೆ, ಹೊಸ ಕಾಸು ಕಟ್ಟಿದಳು. ಈ ಸಲ ಹೊರಡುವ ಗಳಿಗೆಗೆ ಕಾಯಲಿಲ್ಲ, ಹಿಂದಿನ ದಿನವೇ ಕಟ್ಟಿದಳು. ಅವತ್ತು ಸಂಜೆ ಅಂಗಡಿಯಲ್ಲಿ ಅಬ್ಬಾ ಒಂದು ಮೋಟರಿಗೆ ವಾರ್ನಿಷ್ ಹಾಕುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹುಟ್ಟಿದಾಗಿನಿಂದ ತಲೆ ನೋಯಿಸಿದ ಆ ವಾರ್ನಿಷ್ ನನ್ನ ಮೂಗಿಗೆ ಹತ್ತಲಿಲ್ಲ. ಡಬ್ಬದೊಳಕ್ಕೆ ಮುಖ ಇಟ್ಟೆ. ಏನೂ ಇಲ್ಲ. ವರದಿ ಬರುವ ಮೊದಲೇ ನನಗೆ ತಿಳಿದುಹೋಯಿತು.

ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿ ನನ್ನನ್ನು ಅಲ್ಲಿಟ್ಟರು. ತಾಮ್ರದ ತಂತಿಯ ಸುರುಳಿಗಳು, ದಾರದ ಉಂಡೆಗಳು, ನಾನು. ಸುರುಳಿ ಸುತ್ತಿ ಮುಗಿದ ಮೇಲೆ ತಂತಿಗಳು ಅಲುಗದ ಹಾಗೆ ಹತ್ತಿಯ ದಾರದಲ್ಲಿ ಬಿಗಿಯಬೇಕು. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಗಂಟಿದೆ. ಎಳೆದಷ್ಟೂ ಬಿಗಿಯುತ್ತದೆ, ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಅಜ್ಜ, ನಮ್ಮ ದಾದಾ, ಇದ್ದ ಕಾಲದಲ್ಲಿ ದಾದಿಮಾ ಅಂಗಡಿಯಲ್ಲಿ ಕೂತು ಅದನ್ನೇ ಹಾಕುತ್ತಿದ್ದವಳು. ನನ್ನ ತೋಳಿಗೂ ಅದನ್ನೇ ಹಾಕಿದ್ದಳು, ಅಮ್ಮಿ ಮತ್ತೆ ತೆಗೆಯದಿರಲಿ ಎಂದು. ಅದು ಸಾಲದೆಂದು ದಿನಾ ಬೆಳಿಗ್ಗೆ ಹಿತ್ತಲಿನ ಕಿಟಕಿಗೆ ಬಂದು, ಸರಳುಗಳ ನಡುವೆ ಕೈ ತೂರಿಸಿ, "ತೋಳ್ ಕೊಡು" ಎನ್ನುತ್ತಿದ್ದಳು.

"ದಾದಿಮಾ, ಹತ್ರ ಬರಬೇಡ."

"ಮೊಕ ಆ ಕಡೆ ತಿರುಗ್ಸು. ತೋಳ್ ಕೊಡು ಅಂದ್ರೆ ಕೊಡು."

ನಾನು ಮುಖ ಗೋಡೆಗೆ ತಿರುಗಿಸಿ ತೋಳು ಕೊಡುತ್ತಿದ್ದೆ. ತಣ್ಣನೆಯ ಬೆರಳು. ಗಂಟನ್ನು ಎರಡು ಸಲ ಎಳೆದು ನೋಡುತ್ತಿದ್ದಳು. ನೋಡಿ, ನನ್ನ ನುಣುಪಾದ ಕಥೆಯ ಬೆರಳುಗಳು ಬಹುಶಃ ಇಲ್ಲಿಯವೇ. ಕಿಟಕಿಯಿಂದ ಎತ್ತಿ ಆಸ್ಪತ್ರೆಯ ಅಂಗಳಕ್ಕೆ ಅಂಟಿಸಿದ್ದೇನೆ.

ಜ್ವರ ಇಳಿಯಿತು, ಕೋಣೆಯ ಅವಧಿ ಮುಗಿಯಿತು, ಆದರೆ ಟೆಸ್ಟ್ ಮಾತ್ರ ಪಾಸಿಟಿವ್ ಎಂದೇ ಹೇಳುತ್ತಿತ್ತು. ಕೆಲವರಿಗೆ ಗುಣವಾದ ಮೇಲೂ ಹಾಗೆ ತೋರಿಸುತ್ತದೆ, ಹೆದರಬೇಡ ಎಂದರು ಡಾಕ್ಟರು. ವಿಮಾನದವರಿಗೆ ಅದು ಬೇಕಿರಲಿಲ್ಲ. ಸರ್ಬಿಯಾದ ಬಾಗಿಲು ಇನ್ನೂ ತೆರೆದಿತ್ತು, ಎಷ್ಟು ದಿನವೋ ತಿಳಿಯದು. ಮೊಬೈಲ್ ತೆಗೆಯಲು ಭಯ, ತೆಗೆಯದಿರಲೂ ಭಯ. ಸಿದ್ದರಾಜಣ್ಣ ಒಂದು ದಾರಿ ಹೇಳಿದ.

"ಮಳವಳ್ಳೀಲಿ ಕಡ್ಡಿಯಾ ಮೇಲ್‌ಮೇಲೇ ಆಡುಸ್ತಾರಂತೆ ಬಾಯ್. ಅಲ್ಲಿ ನೆಗೆಟಿವ್ ಬತ್ತದಂತೆ."

"ಯಾವನ್ಲಾ ಏಳಿದ್ದು ನಿಂಗೆ?" ಎಂದರು ಅಬ್ಬಾ. ಸಿದ್ದರಾಜಣ್ಣನ ಜೊತೆ ಅವರ ಮಾತೂ ಅವನದೇ ಆಗುತ್ತಿತ್ತು.

"ಎಲ್ರೂ ಏಳ್ತಾವ್ರೆ."

"ಎಲ್ರೂ ಏಳುದ್ರೆ ಅದು ಸುಳ್ಳೇ ಕಣ್ಲಾ."

ಆದರೂ ಹೋದೆವು. ದಾರಿಯುದ್ದಕ್ಕೂ ಗದ್ದೆಗೆ ನೀರು ಬಿಟ್ಟಿದ್ದರು. ಅಥವಾ ಅದು ಇನ್ನೊಂದು ವರ್ಷದ ದಾರಿ ಇರಬಹುದು. ಮಳವಳ್ಳಿಯ ಕಡ್ಡಿ ಎಲ್ಲ ಕಡ್ಡಿಗಳ ಹಾಗೇ ಮಿದುಳಿನ ತನಕ ಹೋಯಿತು. ಪಾಸಿಟಿವ್. ಆ ದಿನಗಳಲ್ಲೇ ಊಟದ ತಟ್ಟೆ ತಂದ ಅಮ್ಮಿಗೆ ಒಮ್ಮೆ, ನೀನೇ ನನ್ನನ್ನು ಇಲ್ಲಿ ಕೂರಿಸಿದ್ದು ಎಂದೆ. ಅವಳು ತಟ್ಟೆ ಇಟ್ಟು ಹೋದಳು.

ಅದಾದ ಮೇಲೆ ದಾದಿಮಾಳಿಗೆ ಜ್ವರ ಬಂತು.

ಮದ್ದೂರಿನಲ್ಲಿ ಹಾಸಿಗೆ ಇರಲಿಲ್ಲ. ಅಬ್ಬಾ ಪರಿಚಯದವರಿಗೆಲ್ಲ ಫೋನ್ ಮಾಡಿದ ಮೇಲೆ ಮಂಡ್ಯದಲ್ಲಿ ಒಂದು ಸಿಕ್ಕಿತು. ಅವಳನ್ನು ಕಾರಿಗೆ ಹತ್ತಿಸುವಾಗ ಹಿಡಿದುಕೊಳ್ಳಲು ಅವಳಿಗೆ ಸಿಕ್ಕಿದ್ದು ನನ್ನ ಬಲತೋಳು. ಹಿಡಿತಕ್ಕೆ ಬಟ್ಟೆ ಹರಿಯಿತು. ಇಷ್ಟು ದಿನ ಸ್ನಾನದಲ್ಲಿ ನೆನೆದು ನೆನೆದು ಜೀರ್ಣವಾಗಿತ್ತು. ಗಂಟು ಬಿಗಿಯಾಗೇ ಇತ್ತು, ಹರಿದದ್ದು ಬಟ್ಟೆ. ಕಾಸು ಸೀಟಿನ ಸಂದಿಗೆ ಬಿತ್ತು. ದಾದಿಮಾ ಅದನ್ನು ನೋಡಿದಳು. ಉಸಿರಿಗೆ ಒದ್ದಾಡುತ್ತಿದ್ದವಳು ಬಗ್ಗಿ ಸಂದಿಯಲ್ಲಿ ಕೈ ಹಾಕಲು ಹೋದಳು. "ಬುಡಜ್ಜಮ್ಮ, ನಾನ್ ಎತ್ಕೊಡ್ತೀನಿ" ಎಂದ ಸಿದ್ದರಾಜಣ್ಣ. ಆ ಕಾರು ಮಾರುವವರೆಗೂ ಅವನಿಗೆ ಅದು ಸಿಗಲಿಲ್ಲವಂತೆ.

ಅಮ್ಮಿ ದಾದಿಮಾಳ ಜೊತೆ ವಾರ್ಡಿನೊಳಗೆ ಉಳಿದಳು. ಅಲ್ಲಿಯೇ ನಮ್ಮೆಲ್ಲರ ಮೂಗಿಗೂ ಕಡ್ಡಿ ಹಾಕಿದರು. ನಾನು ಯಾವ ಆಸೆಯನ್ನೂ ಇಟ್ಟುಕೊಳ್ಳದೆ ಕೊಟ್ಟ ಟೆಸ್ಟ್ ಅದೊಂದೇ. ಅದು ನೆಗೆಟಿವ್ ಬಂತು.

ವರದಿ ಮೊಬೈಲಿಗೆ ಬಂದಾಗ ನಾನೂ ಅಬ್ಬಾನೂ ಅಂಗಡಿಯಲ್ಲಿದ್ದೆವು. ಅವರು ಓದಿದರು. ಹೋಗು ಎಂದರು. ದಾದಿಮಾ ಹೀಗಿರುವಾಗ ಹೇಗೆ ಹೋಗಲಿ ಎಂದೆ. ಹಾಗೆ ಹೇಳಿದ್ದು ನಿಜ. ಆದರೆ ಅಷ್ಟು ಹೊತ್ತಿಗೆ ನನ್ನ ಹೆಬ್ಬೆರಳು ಟಿಕೆಟ್, ವೀಸಾ ನೋಡಿಕೊಳ್ಳುತ್ತಿದ್ದ ಕನ್ಸಲ್ಟೆನ್ಸಿಯ ಮೇಡಂಗೆ ವರದಿ ಕಳಿಸಿಯಾಗಿತ್ತು. ಇದನ್ನು ನೆನಪು ಹಿಂದುಮುಂದು ಮಾಡಲಾರದು. ಮೆಸೇಜು ಇನ್ನೂ ಇದೆ.

ಮದ್ದೂರಿನಿಂದ ಬೆಂಗಳೂರು ಒಂದು ಕಡೆ, ಮಂಡ್ಯ ಇನ್ನೊಂದು ಕಡೆ. ಸಿದ್ದರಾಜಣ್ಣ ಕೇಳದೆಯೇ ಕಾರನ್ನು ಮಂಡ್ಯದ ಕಡೆ ತಿರುಗಿಸಿದ. "ಮೊಕ ತೋರ್ಸಿ ಓಗು. ಅಲ್ಗಂಟ ಇಮಾನ ಏನ್ ಓಡೋಗಾಕಿಲ್ಲ." ಒಳಗೆ ಬಿಡಲಿಲ್ಲ. ಅಂಗಳದಲ್ಲಿ ನಿಂತು ಮೇಲೆ ನೋಡಿದೆ. ಎಲ್ಲ ಕಿಟಕಿಗಳೂ ಒಂದೇ ಥರ. ಒಂದು ಕಿಟಕಿಗೆ ಬಹಳ ಹೊತ್ತು ಕೈ ಬೀಸಿದೆ, ಅಲ್ಲಿಂದಲೂ ಯಾರೋ ಬೀಸಿದರು. ಆಮೇಲೆ ಕೇಳಿದರೆ ಅಮ್ಮಿಯ ವಾರ್ಡು ಆ ಪಕ್ಕದಲ್ಲಿರಲೇ ಇಲ್ಲ.

ಅಲ್ಲಿಂದ ಹೊರಟಾಗ ನನ್ನ ತೋಳಿನಲ್ಲಿ ಹೊಸ ಬಟ್ಟೆ ಇತ್ತು; ಅದನ್ನು ಕಟ್ಟಿದ್ದು ಯಾರು ಎನ್ನುವುದಕ್ಕೆ ಪ್ರತಿಯೊಬ್ಬರದೂ ಒಂದೊಂದು ಕಥೆ. ಅಮ್ಮಿ ಹೇಳುವುದು: "ನಾನು ಕೆಳಗೆ ಬರಲೇ ಇಲ್ಲ, ಬಂದಿದ್ದರೆ ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಮಾಸ್ಕ್ ಸರಿಸಿ ದಾದಿಮಾ ಕಾಸು, ಕಾಸು ಎಂದಳು. ಪರ್ಸಿನಲ್ಲಿದ್ದ ಒಂದನ್ನು ತೆಗೆದು, ನನ್ನ ದುಪಟ್ಟಾದ ಅಂಚು ಹರಿದು ಸುತ್ತಿ, ಅವಳ ಕೈಗೆ ಮುಟ್ಟಿಸಿ, ಕೆಳಗೆ ಹೋಗುತ್ತಿದ್ದ ಒಬ್ಬ ನರ್ಸಮ್ಮನ ಹತ್ತಿರ ಕಳಿಸಿದೆ." ಸಿದ್ದರಾಜಣ್ಣ ಹೇಳುವುದು: "ನಾನ್ ಕಟ್ನಿಲ್ಲ ಕಣವ್ವ. ನಾನು ಗೇಟ್ ತಾವ ಪೊಲೀಸಪ್ಪನ್ ಕೂಟೆ ಜಗಳಕ್ ನಿಂತಿದ್ದೆ. ಕಾರ್ ತಗೀ ಅಂತ ಅವ್ನು, ಒಸಿ ತಡಿ ಅಂತ ನಾನು. ನೀನ್ ಬಂದ್ ಕೂತಾಗ ಕಟ್ಕಂಡೇ ಬಂದಿದ್ದೆ." ಅಬ್ಬಾ ನಮ್ಮ ಜೊತೆ ಕಾರಿನಲ್ಲಿ ಬಂದಿದ್ದರೇ, ಔಷಧಿ ಅಂಗಡಿಗೆ ಹೋಗಿದ್ದರೇ, ಅವರಿಗೇ ಖಚಿತವಿಲ್ಲ. ನನಗೆ ನೆನಪಿರುವುದು ಆ ಅಂಗಳದ ಸ್ಯಾನಿಟೈಸರ್ ವಾಸನೆ, ಕಾಕಂಬಿಯದು, ತೋಳಿನ ಮೇಲೆ ಒದ್ದೆಯಾಗಿ. ಆದರೆ ಅದೂ ಹೇಗೆ ಸಾಧ್ಯ? ನನ್ನ ಮೂಗು ಸತ್ತಿತ್ತು. ಅದು ತಿರುಗಿ ಬಂದದ್ದು ಎಷ್ಟೋ ಆಮೇಲೆ, ಕೆನಡಾದಲ್ಲಿ, ಯಾರದೋ ಸುಟ್ಟ ಬ್ರೆಡ್ಡಿನಿಂದ.

ನಡುವಿನ ದೇಶ ಸರ್ಬಿಯಾದಲ್ಲಿ ಒಂದು ಹೋಟೆಲ್ ಕೋಣೆ, ಟ್ರ್ಯಾಮಿನ ಸದ್ದು, ನನ್ನಂಥವರದೇ ಕೆಮ್ಮು. ಯಾರಾದರೂ ಕೆಮ್ಮಿದರೆ ಇಡೀ ಮಹಡಿ ಸ್ತಬ್ಧವಾಗುತ್ತಿತ್ತು. ಅಮ್ಮಿ ಮೊದಮೊದಲು "ಇವತ್ತು ಎರಡು ಚಮಚ ಗಂಜಿ ಕುಡಿದಳು" ಎನ್ನುತ್ತಿದ್ದಳು. ಆಮೇಲೆ "ಮಲಗಿದ್ದಾಳೆ" ಎನ್ನುತ್ತಿದ್ದಳು. ಆಮೇಲೆ ಫೋನ್ ಎತ್ತಿದ್ದು ಅಬ್ಬಾ. ನಾನು ಟೆಸ್ಟಿನ ಫಲಿತಾಂಶಕ್ಕೆ ಕಾಯುತ್ತಾ ಪದೇ ಪದೇ ಪರದೆ ಒತ್ತುತ್ತಿದ್ದಾಗ ಆ ವಿಡಿಯೋ ಕರೆ ಬಂತು. ಮದ್ದೂರಿನ ಖಬರಸ್ತಾನದಲ್ಲಿ ಯಾರೋ ಮೊಬೈಲ್ ಎತ್ತಿ ಹಿಡಿದರು. ಚಿತ್ರ ಅಲ್ಲೇ ಹೆಪ್ಪುಗಟ್ಟಿತು: ಅರ್ಧ ಆಕಾಶ, ಬಿಳಿ ಉಡುಪಿನ ಒಂದು ಭುಜ. ಮಣ್ಣು ಬೀಳುವ ಸದ್ದು ಮಾತ್ರ ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ಅದೇ ಪರದೆಯ ಮೇಲೆ ನೆಗೆಟಿವ್ ಎಂದು ಬಂತು. ನಾನು ಚೀಲ ತುಂಬಿಕೊಂಡೆ.

ತರಗತಿ ಶುರುವಾಗುವ ಹೊತ್ತಿಗೆ ಕೆನಡಾ ಸೇರಿದೆ. ಸೀಟು ಉಳಿಯಿತು. ಕ್ವಾರಂಟೈನ್ ಕೋಣೆಯಲ್ಲಿ ತೋಳಿನ ಬಟ್ಟೆ ತೆಗೆಯಲು ನೋಡಿದೆ, ಗಂಟು ಬಿಚ್ಚಲಿಲ್ಲ. ಬಟ್ಟೆಯನ್ನು ಇನ್ನೊಂದು ಕಡೆ ಕತ್ತರಿಸಿದೆ. ಮೊದಲ ಕಾಸನ್ನು ಬೇಗ ಕೊಟ್ಟೆವೆಂದು ಬೈಸಿಕೊಂಡಿದ್ದೆವು. ಈ ಕಾಸನ್ನು ಕೊಡಲು ಬಾಗಿಲಾಚೆ ಹೋಗುವ ಹಾಗಿರಲಿಲ್ಲ. ಹೋಗಬಹುದಾದ ದಿನ ಬಂದಾಗ ಕೈ ಬರಲಿಲ್ಲ. ಓದು ಮುಗಿಯಿತು, ಕೆಲಸ ಸಿಕ್ಕಿತು, ಅದು ಪೆಟ್ಟಿಗೆಯಲ್ಲೇ ಉಳಿಯಿತು.

ಹಲ್ಲಿನ ಡಾಕ್ಟರ ಹತ್ತಿರದಿಂದ ಬಂದ ದಿನ ಅದನ್ನು ಅಬ್ಬಾನ ಮುಂದೆ ಇಟ್ಟೆ. ಅಮ್ಮಿಯ ದುಪಟ್ಟಾದ ಅಂಚು ಹೌದು. ಹಸಿರಲ್ಲ, ಮಾಸಲು ನೀಲಿ. ಇಷ್ಟು ವರ್ಷ ಹಸಿರು ಎಂದು ಹೇಳಿಕೊಂಡು ಬಂದಿದ್ದೆ. ಅಬ್ಬಾ ಕನ್ನಡಕ ಮೇಲಕ್ಕೆ ಸರಿಸಿ ಗಂಟು ನೋಡಿದರು. "ಇದು ನಮ್ಮ ಗಂಟು."

ಅಂದರೆ ನರ್ಸಮ್ಮ ಅಲ್ಲ ಎಂದೆ. ಅಂದರೆ ನಿಮ್ಮಲ್ಲೇ ಯಾರೋ.

"ದಾದಿಮಾಗೆ ಬರುತ್ತಿತ್ತು. ನಿನ್ನ ಅಮ್ಮಿಗೆ ಬರುತ್ತೆ. ನನಗೆ ಬರುತ್ತೆ." ಆಮೇಲೆ ಬೆಂಚಿನ ಕಡೆ ತಿರುಗಿದರು. "ಸಿದ್ರಾಜಾ, ನಿಂಗೂ ಬತ್ತದಲ್ವೇನ್ಲಾ?"

"ಬತ್ತದೆ," ಎಂದ ಸಿದ್ದರಾಜಣ್ಣ ಪೇಪರಿನಿಂದ ತಲೆ ಎತ್ತದೆ. "ಇಷ್ಟ್ ವರ್ಸ ಕೂತಿವ್ನಿ, ಬರದೆ ಏನು? ಆದ್ರೆ ನಾನ್ ಕಟ್ನಿಲ್ಲ."

ಅಬ್ಬಾ ದಾರದ ತುಂಡೊಂದನ್ನು ತಮ್ಮ ತೋಳಿಗೆ ಸುತ್ತಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಒಂದೇ ಕೈಯಲ್ಲಿ ಅದೇ ಗಂಟು ಹಾಕಿ ತೋರಿಸಿದರು. "ನಿನಗೂ ಬರುತ್ತೆ," ಎಂದರು.

ಅಮ್ಮಿ ಒಳಗಿನಿಂದಲೇ, ಈಗಲಾದರೂ ಕೊಟ್ಟು ಬಾ ಎಂದಳು. ಮಸೀದಿಯ ಬಾಗಿಲ ತನಕ ಹೋದೆ. ಕೇಳುವವರು ಕೂತಿದ್ದರು. ಒಬ್ಬರು ಕೈ ಚಾಚಿದರು. ಬೇರೆ ಚಿಲ್ಲರೆ ಕೊಟ್ಟು ಬಂದೆ.

ಗಂಟು ಹಾಗೇ ಇದೆ, ಕಾಸು ಮಡಿಕೆಯಲ್ಲೇ ಇದೆ. ಹಾಕಿದವರು ಯಾರೋ ನನಗೆ ತಿಳಿಯದು. ದಾದಿಮಾಳಿಗೆ ಆ ಜ್ವರ ಬಂದದ್ದು ಅವಳು ಹೋಗಿ ನಿಂತಿದ್ದ ಲಸಿಕೆಯ ಸಾಲಿನಿಂದಲೋ, ನಾವು ಮಳವಳ್ಳಿಯಿಂದ ತಂದದ್ದೋ, ದಿನಾ ಬೆಳಿಗ್ಗೆ ಕಿಟಕಿಯಲ್ಲಿ ನಾನು ಕೊಟ್ಟ ಈ ತೋಳಿನಿಂದಲೋ, ಅದೂ ತಿಳಿಯದು.